ಮಂಡಿಗೊಂದು ಕುಲಾವಿ

ಭಾನುವಾರ ಹತ್ತು ಗಂಟೆಯ ಹೊತ್ತಿಗೆ ನಮ್ಮ ಮನೆ ಕಡೆ ಬಂದರೆ ಅಂಗಳದ ತಂತಿಯ ಮೇಲೆ ನಾಲ್ಕು ಕಪ್ಪು ಚೀಲಗಳು ನೇತಾಡುತ್ತಿರುವುದು ಕಾಣುತ್ತದೆ. ಎರಡು ದೊಡ್ಡವು, ಎರಡು ಚಿಕ್ಕವು. ಚೀಲ ಎಂದೆ, ಆದರೆ ಅವಕ್ಕೆ ತಳವಿಲ್ಲ, ಎರಡು ಕಡೆಯೂ ಬಾಯಿ. ನಡುವೆ ಆಮೆಯ ಬೆನ್ನಿನ ಹಾಗೆ ಉಬ್ಬಿಕೊಂಡಿರುತ್ತವೆ. ಪಕ್ಕದ ಮನೆಗೆ ಹಾಸನದ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ಕಾಂಪೌಂಡಿನ ಆಚೆಯಿಂದ ಬಹಳ ಹೊತ್ತು ನೋಡಿ, ಕೊನೆಗೆ ತಡೆಯಲಾರದೆ, "ಯಾವ ಮಗೂದಪ್ಪ ಈ ಕುಲಾವಿ? ನೆತ್ತಿ ಕಡೆ ಹೊಲಿಯೋದೇ ಮರ್ತಿದ್ದಾರಲ್ಲ" ಎಂದು ಕೇಳಿದರು.

"ಕುಲಾವಿ ಅಲ್ಲ ಅಜ್ಜಿ, ಮಂಡಿಗೆ ಹಾಕ್ಕೊಳ್ಳೋದು. ಚಿಕ್ಕದು ಮೊಣಕೈಗೆ. ಗುಡ್ಡದ ಮೇಲಿಂದ ಸೈಕಲ್ ಬಿಡ್ತೀವಲ್ಲ, ಬಿದ್ದರೆ ಪೆಟ್ಟಾಗಬಾರದು ಅಂತ" ಎಂದೆ. ಅಜ್ಜಿ ಕಣ್ಣು ಕಿರಿದು ಮಾಡಿ, "ಬೀಳ್ತೀವಿ ಅಂತ ಗೊತ್ತಿದ್ದೂ ಹೋಗ್ತೀರಾ?" ಎಂದರು. ಹೌದು ಎನ್ನದೆ ಇನ್ನೇನು ಹೇಳಲಿ? ಹೋಗುತ್ತೇವೆ, ಗೊತ್ತಿದ್ದೇ ಹೋಗುತ್ತೇವೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡರೆ ನಮ್ಮ ಊರುಗಳಲ್ಲಿ ನಗುತ್ತಾರೆ. ಆದರೆ ಮಂಡಿಯ ವಿಷಯದಲ್ಲಿ ಮಾತ್ರ ಕುಲಾವಿ ಮೊದಲೇ ಸಿದ್ಧವಿರಬೇಕು. ಕೂಸು ಯಾವ ತಿರುವಿನಲ್ಲಿ ಹುಟ್ಟುತ್ತದೋ ಯಾರಿಗೆ ಗೊತ್ತು?

ಮಂಡಿ ಎಂದ ಕೂಡಲೇ ನೆನಪಾಗುವುದು ಬಾಡಿಗೆ ಸೈಕಲ್ಲು. ಗಂಟೆ ಲೆಕ್ಕದಲ್ಲಿ ತಂದ, ನಮಗಿಂತ ಎತ್ತರದ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ತುಳಿಯುತ್ತಾ ಕಲಿತ ತಲೆಮಾರು ನಮ್ಮದು. ಬಿದ್ದು ಮನೆಗೆ ಬಂದರೆ ಬೈಗುಳ ಮೊದಲು, ಅರಿಶಿನ ಆಮೇಲೆ. ಅರಿಶಿನ ಇಲ್ಲದ ಕಡೆ ಕಾಫಿಪುಡಿ. ಮಲೆನಾಡಿನಲ್ಲಾದರೆ ರಸ್ತೆ ಬದಿಯಲ್ಲೇ ಬೆಳೆದಿರುವ ಕಮ್ಯುನಿಸ್ಟ್ ಗಿಡದ ಸೊಪ್ಪು ಅಂಗೈಯಲ್ಲಿ ತಿಕ್ಕಿ ಹಿಂಡಿದ ರಸ. ಮೂರನೇ ದಿನಕ್ಕೆ ಹಕ್ಕಳೆ ಕಟ್ಟುತ್ತಿತ್ತು. ಕೀಳಬೇಡ ಎಂದಷ್ಟೂ ಕೈ ಅಲ್ಲಿಗೇ ಹೋಗುತ್ತಿತ್ತು. ನಿಮ್ಮ ಮಂಡಿಯ ಮೇಲೂ ಅಂಥದೊಂದು ಗುರುತು ಇರಬೇಕಲ್ಲವೇ? ಒಮ್ಮೆ ನೋಡಿಕೊಳ್ಳಿ, ನಾನು ಕಾಯುತ್ತೇನೆ.

ಇದ್ದೇ ಇರುತ್ತದೆ. ಏಕೆಂದರೆ ಮನುಷ್ಯ ಮುಂದಕ್ಕೆ ಬೀಳುವಾಗ ನೆಲಕ್ಕೆ ಮೊದಲು ಒಪ್ಪಿಸುವುದು ಅಂಗೈಯನ್ನು, ಮಂಡಿಯನ್ನು, ಮೊಣಕೈಯನ್ನು. ಅಂಗೈಗೆ ದಪ್ಪ ಚರ್ಮವಾದರೂ ಇದೆ. ಮಂಡಿಚಿಪ್ಪಿನ ಮೇಲೆ ಏನಿದೆ? ತೆಳು ಚರ್ಮ, ಅದರಡಿ ಒಂದಿಷ್ಟು ದ್ರವ ತುಂಬಿದ ಪುಟ್ಟ ಚೀಲ, ಅದರಡಿ ಎಲುಬು. ಮೊಣಕೈ ತುದಿಯ ಕಥೆಯೂ ಅದೇ. ಅಲ್ಲಿ ಇನ್ನೊಂದು ಫಜೀತಿ ಬೇರೆ ಇದೆ: ಒಳಮಗ್ಗುಲಲ್ಲಿ ಕಿರುಬೆರಳಿನ ಕಡೆಗೆ ಹೋಗುವ ನರ ಎಲುಬಿಗೆ ಒತ್ತಿಕೊಂಡೇ ಹಾಯುತ್ತದೆ. ಬಾಗಿಲ ಚೌಕಟ್ಟಿಗೆ ತಾಗಿದರೆ ಕರೆಂಟು ಹೊಡೆದ ಹಾಗೆ ಜುಂ ಎನ್ನುತ್ತದಲ್ಲ, ಅದು ಆ ನರದ ಕೂಗು. ತೊಡೆಗೆ, ಪೃಷ್ಠಕ್ಕೆ ಅಷ್ಟೆಲ್ಲ ಮಾಂಸ ಕೊಟ್ಟ ಪ್ರಕೃತಿ ಈ ನಾಲ್ಕು ಮೂಲೆಗಳನ್ನು ಬರಿದೇ ಬಿಟ್ಟಿತು.

ಮೂಲೆ ಎಂದಾಗ ಮೊಳದ ನೆನಪಾಯಿತು. ಮೊಳಕೈ ಎಂದರೂ ಮೊಣಕೈ ಎಂದರೂ ಒಂದೇ, ಮೊಳಕಾಲು ಮೊಣಕಾಲೂ ಹಾಗೇ. ಹೂವಿನವಳು ಅಳೆಯುವ ಮೊಳಕ್ಕೂ ಇದಕ್ಕೂ ರಕ್ತಸಂಬಂಧ. ಮೊಣಕೈ ತುದಿಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಹೆಚ್ಚುಕಡಿಮೆ 18 ಅಂಗುಲ. ಗಾಂಧಿ ಬಜಾರಿನಲ್ಲಿ ಕಾಕಡ ಅಳೆಯುವಾಗ ಆಕೆಯ ಮೊಣಕೈ ಎಷ್ಟು ಮಡಿಚಿರುತ್ತದೆ ಎಂಬುದರ ಮೇಲೆ ನಿಮ್ಮ ಮನೆಯ ದೇವರಿಗೆ ಎಷ್ಟು ಹೂವು ಎಂಬುದು ನಿಂತಿದೆ. ಒಂದು ಕಾಲಕ್ಕೆ ಬಟ್ಟೆ, ಹಗ್ಗ, ಹೊಲದ ಅಂಚು ಎಲ್ಲವನ್ನೂ ಅಳೆದ ಅಂಗ ಅದು. ಅಂಥದ್ದನ್ನು ಗರಸು ನೆಲಕ್ಕೆ ಉಜ್ಜಲು ಬಿಡುವುದೇ?

ಹಾಗೆ ಬಿಟ್ಟವರು ಇದ್ದರು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಎಂಬ ಊರಿನ ಹತ್ತಿರ, 1976ರ ಅಕ್ಟೋಬರ್ 21ರಂದು ಒಂದಷ್ಟು ಹುಡುಗರು ಗುಡ್ಡದ ಮಣ್ಣುದಾರಿಯಲ್ಲಿ ಸೈಕಲ್ ಇಳಿಸುವ ಪಂದ್ಯ ನಡೆಸಿದರು. ಸುಮಾರು ಮೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚಿನ ದಾರಿ, ನಾನೂರು ಮೀಟರಿನಷ್ಟು ಇಳಿತ. ಸೈಕಲ್ಲುಗಳು ಎರಡನೆಯ ಮಹಾಯುದ್ಧದ ಆಸುಪಾಸಿನ ಹಳೇ ಶ್ವಿನ್‌ಗಳು, ಹಿಂದಕ್ಕೆ ತುಳಿದರೆ ನಿಲ್ಲುವ ಬ್ರೇಕಿನವು. ಕೆಳಗಿಳಿಯುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಆದ್ದರಿಂದಲೇ ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಂತು. ಗ್ಯಾರಿ ಫಿಶರ್ ಅದನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ಇವತ್ತಿಗೂ ದಾಖಲೆ. ಜೋ ಬ್ರೀಝ್, ಚಾರ್ಲಿ ಕೆಲ್ಲಿ, ಟಾಮ್ ರಿಚಿ, ಇವರೆಲ್ಲ ಆ ಕೂಟದವರೇ. ಆ ಕಾಲದ ಫೋಟೋಗಳಲ್ಲಿ ನೋಡಿ, ಜೀನ್ಸ್ ಪ್ಯಾಂಟು, ತೋಳಿನ ಅಂಗಿ, ಚರ್ಮದ ಕೈಗವಸು, ಬೂಟು. ಅವರ ರಕ್ಷಣೆಯೆಲ್ಲ ಅಷ್ಟೇ. ಜೀನ್ಸ್ ಗಟ್ಟಿ ಬಟ್ಟೆ, ತರಚುವುದನ್ನು ತಡೆದೀತು, ಆದರೆ ಕಲ್ಲಿಗೂ ಎಲುಬಿಗೂ ನಡುವೆ ಅದು ಎಷ್ಟು ಹೊತ್ತು ನಿಂತೀತು? ಇಪ್ಪತ್ತು ವರ್ಷದಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ, ಆ ಹುಡುಗಾಟ ಪದಕದ ಆಟವಾಯಿತು.

ನಾವು ಸೈಕಲ್ ಬಿಡುವುದು ಬೆಂಗಳೂರಿನ ದಕ್ಷಿಣದ ಅಂಚಿನ ತುರಹಳ್ಳಿಯಲ್ಲಿ. ನೀಲಗಿರಿ ಮರ, ದೊಡ್ಡ ಕರಿಬಂಡೆಗಳು, ಬೇಸಗೆಯಲ್ಲಿ ರಾಗಿ ಹರಡಿದ ಹಾಗೆ ಜಾರುವ ಗರಸು. ಬಿದ್ದವರಿಗೆ ಆ ನೆಲ ಉಪಚಾರ ಮಾಡುವುದಿಲ್ಲ. ಇಳಿದು ಬಂದ ಮೇಲೆ ಚಹಾ ಹಿಡಿದು ನಿಂತಾಗ ಮಾತು ಗೇರಿನಿಂದ ಟೈರಿಗೆ, ಟೈರಿನಿಂದ ಇಡ್ಲಿಗೆ ಹೋಗಿ, ಸುತ್ತಿ ಬಳಸಿ ಮಂಡಿಯ ಪ್ಯಾಡಿಗೇ ಬಂದು ನಿಲ್ಲುತ್ತದೆ. ಪ್ಯಾಡು ಹೇಗಿರಬೇಕು? ಹತ್ತು ಜನರನ್ನು ಕೇಳಿದರೆ ಹತ್ತೂ ಜನ ಮೊದಲು ಹೇಳುವುದು ಒಂದೇ: ಜಾರಬಾರದು.

ಇದು ಚಿಕ್ಕ ಮಾತೆಂದು ನನಗೂ ಮೊದಲು ಅನ್ನಿಸಿತ್ತು. ನಾನು ಕೊಂಡ ಮೊದಲ ಜೊತೆ ದಪ್ಪ, ಗಟ್ಟಿ, ಬೆಲೆಯೂ ಗಟ್ಟಿ. ಮನೆಯಲ್ಲಿ ಹಾಕಿ ಕನ್ನಡಿ ಮುಂದೆ ನಿಂತರೆ ಯುದ್ಧಕ್ಕೆ ಹೊರಟವನ ಹಾಗಿದ್ದೆ. ಆದರೆ ಸೈಕಲ್ ತುಳಿಯುವ ಕಾಲು ನಿಂತ ಕಾಲಲ್ಲ. ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸಲ ಮಡಿಚುತ್ತದೆ, ಬಿಡಿಸುತ್ತದೆ. ಮಡಿಚಿದಾಗ ತೊಡೆಯ ಸ್ನಾಯು ಒಂದು ಆಕಾರ, ಬಿಡಿಸಿದಾಗ ಇನ್ನೊಂದು. ಪ್ರತಿ ಸಲವೂ ಪ್ಯಾಡು ಎಳ್ಳಷ್ಟು ಕೆಳಗಿಳಿಯುತ್ತದೆ. ಅರ್ಧ ಗಂಟೆಯಲ್ಲಿ ಎರಡು ಸಾವಿರ ಎಳ್ಳು! ಅವತ್ತು ನಾನು ಬಿದ್ದಾಗ ಪ್ಯಾಡು ಮೊಣಕಾಲಿನ ಕೆಳಗೆ, ಕಾಲಂದುಗೆಯ ಹತ್ತಿರ ಕೂತಿತ್ತು. ಮಂಡಿಯ ಮೇಲೆ ಕಲ್ಲು ತನ್ನ ಕೆಲಸ ಮಾಡಿತು. ಎಷ್ಟೇ ಒಳ್ಳೆಯ ಪ್ಯಾಡಾಗಲಿ, ಬಿದ್ದ ಆ ಒಂದು ಕ್ಷಣದಲ್ಲಿ ಮಂಡಿಯ ಮೇಲಿತ್ತೇ ಎಂಬುದೇ ಅದರ ಪರೀಕ್ಷೆ ಎಂದು ನಾನು ನಂಬಿದ್ದು ಅವತ್ತಿನಿಂದ.

ಜಾರದಿರಲು ಏನು ಬೇಕು? ಅಳತೆ ಬೇಕು. ಟೇಪು ತಂದು, ಮಂಡಿಚಿಪ್ಪಿನಿಂದ ನಾಲ್ಕೈದು ಅಂಗುಲ ಮೇಲೆ ತೊಡೆಯ ಸುತ್ತಳತೆ, ಕೆಳಗೆ ಮೀನಖಂಡದ ಸುತ್ತಳತೆ ತೆಗೆಯಬೇಕು. ಟೈಲರ್ ಹತ್ತಿರ ಒಂದು ರವಿಕೆ ಹೊಲಿಸಲು ಎಂಟು ಅಳತೆ ಕೊಡುವ ನಾವು ಇದನ್ನು ಮಾತ್ರ ಮೀಡಿಯಮ್ಮೋ ಲಾರ್ಜೋ ಎಂದು ಕಣ್ಣಂದಾಜಿನಲ್ಲಿ ಕೊಂಡುಬಿಡುತ್ತೇವೆ. ಮೇಲಂಚಿನ ಒಳಗೆ ಅಂಟಂಟಾದ ಸಿಲಿಕೋನ್ ಗೆರೆಗಳಿದ್ದರೆ ಹಿಡಿತ ಒಳ್ಳೆಯದು. ತೀರಾ ಬಿಗಿಯಾದರೆ ಮಂಡಿಯ ಹಿಂದೆ, ಆ ಮೃದು ಮಡಿಕೆಯಲ್ಲಿ, ಕೆಂಪಗೆ ಉಜ್ಜಿ ಉರಿಯುತ್ತದೆ. ಅದಕ್ಕೇ ಹಿಂಬದಿ ತೆಳು ಜಾಲರಿ ಬಟ್ಟೆ ಇರಲಿ, ಇಲ್ಲವೇ ಒಂದು ಕಿಂಡಿಯೇ ಇರಲಿ ಎನ್ನುತ್ತಾರೆ ಬಲ್ಲವರು.

ಎರಡನೆಯ ಆಸೆ ಗಾಳಿಯದು. ಸ್ಕಾಟ್ಲೆಂಡಿನಲ್ಲೋ ಕೆನಡಾದಲ್ಲೋ ಚಳಿಯಲ್ಲಿ ಇಳಿಯುವವರಿಗೆ ಮಂಡಿ ಬೆಚ್ಚಗಿದ್ದರೆ ಸುಖವೇ. ನಮ್ಮ ಕರಾವಳಿಯ ಸೆಖೆಯಲ್ಲಿ, ರಬ್ಬರಿನಂಥ ಚೀಲದೊಳಗೆ ಕಾಲು ತೂರಿಸಿ ಗುಡ್ಡ ಹತ್ತುವುದೆಂದರೆ ಕಡುಬು ಬೇಯಿಸಿದ ಹಾಗೆ. ಆದ್ದರಿಂದ ನಮ್ಮವರು ಹತ್ತುವಾಗ ಪ್ಯಾಡು ಬ್ಯಾಗಿನಲ್ಲಿಟ್ಟು, ನೆತ್ತಿ ತಲುಪಿದ ಮೇಲೆ ಹಾಕಿಕೊಳ್ಳುತ್ತಾರೆ. ಆಗ ಹುಟ್ಟುವುದು ಮೂರನೆಯ ಆಸೆ: ಶೂ ಬಿಚ್ಚದೆ ಹಾಕಲು ಬರಬೇಕು. ಕಾಲುಚೀಲದ ಹಾಗೆ ಎಳೆದುಕೊಳ್ಳುವ ಪ್ಯಾಡು ಚೆನ್ನಾಗಿ ಕೂರುತ್ತದೆ, ಆದರೆ ಗುಡ್ಡದ ಮೇಲೆ ಒಂಟಿಕಾಲಲ್ಲಿ ಕೊಕ್ಕರೆಯಂತೆ ನಿಂತು ಶೂ ಬಿಚ್ಚಬೇಕು. ಪಕ್ಕದಲ್ಲಿ ಜಿಪ್ಪೋ ಹಿಂದೆ ವೆಲ್ಕ್ರೋನೋ ಇದ್ದರೆ ಸುತ್ತಿ ಅಂಟಿಸಿದರಾಯಿತು.

ವೆಲ್ಕ್ರೋ ಎಂದಮೇಲೆ ಅದರ ಕಥೆ ಹೇಳದೆ ಮುಂದೆ ಹೋಗಲಾರೆ. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ಎಂಬ ಇಂಜಿನಿಯರು 1941ರಲ್ಲಿ ನಾಯಿ ಕರೆದುಕೊಂಡು ಬೆಟ್ಟದಲ್ಲಿ ತಿರುಗಾಡಿ ಬಂದ. ಅವನ ಬಟ್ಟೆಗೂ ನಾಯಿಯ ತುಪ್ಪಳಕ್ಕೂ ಮುಳ್ಳುಕಾಯಿಗಳು ಅಂಟಿದ್ದವು. ಕಿತ್ತು ಬಿಸಾಡದೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಪ್ರತಿ ಮುಳ್ಳಿನ ತುದಿಯಲ್ಲೂ ಒಂದು ಕೊಕ್ಕೆ! ಅಂಥ ಕೊಕ್ಕೆಯನ್ನು ನೇಯ್ಗೆಯಲ್ಲಿ ತರಲು ಅವನಿಗೆ ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಪೇಟೆಂಟು ಸಿಕ್ಕಿದ್ದು 1955ರಲ್ಲಿ. ನಮ್ಮ ಬೇಲಿಸಾಲಿನ ಉತ್ತರಾಣಿಯೂ ಪಂಚೆಗೆ ಹೀಗೇ ಅಂಟುತ್ತದೆ. ಎಷ್ಟು ಸಂಜೆ ಜಗಲಿಯಲ್ಲಿ ಕೂತು ಅದನ್ನು ಒಂದೊಂದಾಗಿ ಬಿಡಿಸಿಲ್ಲ ನಾವು! ತುರಹಳ್ಳಿಯ ಪೊದೆಯಲ್ಲಿ ಬಿದ್ದು ಎದ್ದಾಗ ವೆಲ್ಕ್ರೋ ಪಟ್ಟಿಯ ಮೇಲೆ ಬೇಲಿಬೀಜಗಳು ಅಂಟಿಕೊಂಡಿದ್ದರೆ, ದಾಯಾದಿಗಳು ಜಾತ್ರೆಯಲ್ಲಿ ಸಿಕ್ಕ ಹಾಗೆ ಕಾಣುತ್ತದೆ ನನಗೆ.

ಎಲ್ಲಿದ್ದೆವು? ಹಾಕುವುದು, ಬಿಚ್ಚುವುದು. ಇನ್ನು ಏಟು ತಡೆಯುವ ಮಾತು. ಮೋಟಾರ್ ಸೈಕಲ್ಲಿನ ಮಣ್ಣುಪಂದ್ಯಗಳಿಂದ ಬಂದ ಹಳೆಯ ಪ್ಯಾಡುಗಳಿಗೆ ಮೇಲೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು. ಬಂಡೆಯ ಮೇಲೆ ಬಿದ್ದರೆ ಚಿಪ್ಪು ಜಾರುತ್ತದೆ, ಜಾರಿದಾಗ ದೇಹದ ವೇಗ ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಅದು ಒಳ್ಳೆಯದೇ. ಭಾರಿ ಇಳಿಜಾರುಗಳಲ್ಲಿ ಈಗಲೂ ಅದನ್ನೇ ನಂಬುವವರಿದ್ದಾರೆ. ಆದರೆ ತುಳಿಯಲು ತೊಡಕು. ಈಚಿನವು ಮೆತ್ತಗೆ. ಬೆರಳಲ್ಲಿ ಒತ್ತಿದರೆ ಹಲಸಿನ ತೊಳೆಯ ಹಾಗೆ ಒಳಗೆ ಹೋಗುತ್ತದೆ, ಸುತ್ತಿಗೆಯಲ್ಲಿ ಹೊಡೆದರೆ ಸೆಡೆತು ನಿಲ್ಲುತ್ತದೆ. ಇದೇನು ಮಾಯೆ ಎನ್ನುವಿರಾ? ಗೋಬಿ ಮಂಚೂರಿ ಗಾಡಿಯವರ ಹತ್ತಿರ ಕಾರ್ನ್‌ಫ್ಲೋರ್ ಇರುತ್ತದಲ್ಲ, ಒಂದು ಬಟ್ಟಲು ತಂದು, ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ಕಲಸಿ. ಬೆರಳು ಮೆಲ್ಲಗೆ ಇಳಿಸಿದರೆ ಮಜ್ಜಿಗೆ, ಗುದ್ದಿದರೆ ಗೋಡೆ. ಹಿಟ್ಟಿನ ಕಣಗಳಿಗೆ ಸರಿಯಲು ಪುರಸೊತ್ತು ಕೊಟ್ಟರೆ ಸರಿಯುತ್ತವೆ, ಕೊಡದಿದ್ದರೆ ಒಂದಕ್ಕೊಂದು ಒತ್ತಿ ಬಿಗಿಯುತ್ತವೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಡಿ3ಓ ಎಂಬ ಕಿತ್ತಳೆ ಬಣ್ಣದ ಪದಾರ್ಥ ಇದೇ ಸ್ವಭಾವದ್ದು. 2006ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಹಿಮದ ಮೇಲೆ ಜಾರುವವರ ಉಡುಪಿನೊಳಗೂ ಅದು ಇತ್ತು. ಮೆಲ್ಲಗೆ ತುಳಿಯುವವರೆಗೆ ಮೈಗೆ ಒಗ್ಗಿ, ಏಟು ಬಿದ್ದಾಗ ಮಾತ್ರ ಗಡುಸಾಗುವುದು. ಮನೆಯಲ್ಲಿ ಇಂಥ ಸ್ವಭಾವದ ಹಿರಿಯರೊಬ್ಬರಿದ್ದರೆ ಎಷ್ಟು ನೆಮ್ಮದಿ ಅಲ್ಲವೇ!

ತಡೆಯುತ್ತದೆ ಎಂದರೆ ಎಷ್ಟು? ಯುರೋಪಿನಲ್ಲಿ ಇಎನ್ 1621-1 ಎಂಬ ಮಾನದಂಡವಿದೆ. ಮೋಟಾರ್ ಸೈಕಲ್ ಸವಾರರಿಗಾಗಿ ಬರೆದದ್ದು, ಸೈಕಲ್ಲಿನವರೂ ಎರವಲು ಪಡೆದಿದ್ದಾರೆ. 50 ಜೂಲ್ ಏಟು ಕೊಟ್ಟು ನೋಡುತ್ತಾರೆ. ಐದು ಕಿಲೋ ಅಕ್ಕಿಯಷ್ಟು ತೂಕದ ಕಬ್ಬಿಣ ಒಂದು ಮೀಟರ್ ಎತ್ತರದಿಂದ ಬಿದ್ದ ಹಾಗೆ ಎಂದುಕೊಳ್ಳಿ. ಆಚೆ ಬದಿಗೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಮೊದಲ ದರ್ಜೆ, 20ರ ಒಳಗಿದ್ದರೆ ಎರಡನೆಯದು. ಎರಡನೆಯ ದರ್ಜೆಯೇ ಹೆಚ್ಚು ಕಾಯುತ್ತದೆ, ಆದರೆ ದಪ್ಪ ಹೆಚ್ಚು, ಸೆಖೆ ಹೆಚ್ಚು. ನನ್ನನ್ನು ಕೇಳಿದರೆ, ದಿನವೂ ಹಾಕುವ ಮೊದಲ ದರ್ಜೆಯದು ಬೀರುವಿನಲ್ಲಿ ಉಳಿಯುವ ಎರಡನೆಯದಕ್ಕಿಂತ ಮೇಲು. ಇನ್ನೊಂದು ಮಾತು ಈ ಮಾನದಂಡದಲ್ಲಿ ಇಲ್ಲ. ಮಂಡಿ ತಿರುಚಿದರೆ ಒಳಗಿನ ಹುರಿಗಳು ಹರಿಯುವುದನ್ನು ಯಾವ ಮೆತ್ತೆಯೂ ತಡೆಯಲಾರದು. ಪ್ಯಾಡು ಕಲ್ಲಿನ ಏಟಿಗೆ, ತರಚಿಗೆ. ಹಾಕಿಕೊಂಡವರು ಇದನ್ನು ಮರೆಯದಿರಲಿ ಎಂದು ನನ್ನ ಕಳಕಳಿ.

ಮೈಸೂರಿನ ಗರಡಿಗಳಲ್ಲಿ ಏಟು ತಡೆಯುವುದನ್ನೇ ಇನ್ನೊಂದು ತುದಿಯಿಂದ ಯೋಚಿಸಿದ್ದಾರೆ. ಪೈಲ್ವಾನನ ಮಂಡಿಗೆ ಏನೂ ಕಟ್ಟುವುದಿಲ್ಲ. ಕೆಂಪು ಮಣ್ಣನ್ನು ಜರಡಿ ಹಿಡಿದು, ಎಣ್ಣೆ ಅರಿಶಿನ ಬೆರೆಸಿ, ದಿನವೂ ಅಗೆದು ಮಟ್ಟಿಯನ್ನೇ ಮೆತ್ತಗೆ ಮಾಡುತ್ತಾರೆ. ಬೀಳುವವನಿಗೆ ಮೆತ್ತೆ ಹಾಕುವ ಬದಲು ನೆಲಕ್ಕೇ ಹಾಕಿದರು. ಬಡಗುತಿಟ್ಟಿನ ಯಕ್ಷಗಾನದಲ್ಲಿ ವೇಷಧಾರಿ ಮಂಡಿಯೂರಿ ಗಿರ್ರನೆ ಸುತ್ತುವ ಮಂಡಿ ಕುಣಿತ ಕಂಡವರಿಗೆ ಅದರ ರಭಸ ಗೊತ್ತು. ಚಂಡೆಯ ಏರಿಗೆ ನಾವು ಉಸಿರು ಹಿಡಿದು ಸುತ್ತು ಎಣಿಸುತ್ತಿರುವಾಗ ಆ ಎರಡು ಚಿಪ್ಪುಗಳು ರಂಗಸ್ಥಳದ ಮೇಲೆ ಏನು ಅನುಭವಿಸುತ್ತಿರುತ್ತವೋ ಎಂದು ನನ್ನ ಕಣ್ಣು ಕಿರೀಟ ಬಿಟ್ಟು ಕೆಳಗೇ ಹೋಗುತ್ತದೆ. ಟೈಲ್ಸ್ ಹಾಕುವವರು ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಮಂಡಿಯಡಿ ಇಟ್ಟುಕೊಂಡು, ಒಂದೊಂದು ಸಾಲು ಮುಗಿದ ಹಾಗೆ ಅದನ್ನೂ ಹಿಂದಕ್ಕೆಳೆದುಕೊಳ್ಳುತ್ತಾರೆ. ಆ ಗೋಣಿಯೂ ಪ್ಯಾಡೇ. ಜಾರುವ ಪ್ರಶ್ನೆಯೇ ಇಲ್ಲದ ಪ್ಯಾಡು.

ಮೊಣಕೈ ಪ್ಯಾಡಿನ ಬಗ್ಗೆ ಹೇಳಲು ಅಷ್ಟಿಲ್ಲ, ಅದನ್ನು ಹಾಕುವವರೇ ಕಡಿಮೆ. ತೋಳು ಬಿಗಿಯುತ್ತದೆ, ಹ್ಯಾಂಡಲ್ ಹಿಡಿದ ಕೈ ಮರಗಟ್ಟುತ್ತದೆ ಎನ್ನುತ್ತಾರೆ. ಇರಬಹುದು. ಆದರೆ ಅಕ್ಕನ ಮಗಳು ಮೊದಲ ಸಲ ಬಂದಾಗ ನಾಲ್ಕನ್ನೂ ಹಾಕಿಸದೆ ನಾನು ಬಿಡಲಿಲ್ಲ. ಹದಿಮೂರರ ಹುಡುಗಿ, ಮೊದಲ ಬಂಡೆಯ ಮುಂದೆ ಬ್ರೇಕು ಅದುಮಿ ನಿಂತುಬಿಟ್ಟಳು. "ಮಾಮಾ, ಬಿದ್ದರೆ?" ಎಂದಳು. "ಬೀಳು, ಪ್ಯಾಡಿದೆ" ಎಂದೆ. ನಿಧಾನವಾಗಿ ಇಳಿದಳು, ಕೆಳಗೆ ಬಿದ್ದೂ ಬಿದ್ದಳು. ಎದ್ದು ಮಂಡಿ ನೋಡಿಕೊಂಡಳು, ಮೊಣಕೈ ತಿರುವಿ ನೋಡಿಕೊಂಡಳು. ಪ್ಯಾಡಿನ ಮೇಲೆ ಬಿಳಿ ಗೀರು, ಚರ್ಮದ ಮೇಲೆ ಏನೂ ಇಲ್ಲ. ಆಮೇಲೆ ಅವಳು ನನ್ನ ಕಡೆ ತಿರುಗದೆ ಸೈಕಲ್ ತಳ್ಳಿಕೊಂಡು ಮತ್ತೆ ಮೇಲಕ್ಕೆ ಹೊರಟಿದ್ದನ್ನು ನೋಡಬೇಕಿತ್ತು ನೀವು. ನನ್ನ ಬಾಲ್ಯದ ಮಂಡಿಗೆ ಇಂಥದೊಂದು ಇದ್ದಿದ್ದರೆ ನಾನೂ ಅಷ್ಟು ಬೇಗ ಮತ್ತೆ ಹತ್ತುತ್ತಿದ್ದೆನೋ ಏನೋ.

ತೊಳೆಯುವ ಮಾತು ಬಿಟ್ಟುಹೋಯಿತು. ಪ್ಯಾಡಿನ ವಾಸನೆ ಎಂಥದೆಂದು ಮನೆಯವರನ್ನೇ ಕೇಳಬೇಕು. ಒಳಗಿನ ಮೆತ್ತೆ ತೆಗೆದಿಡಲು ಬರುವಂಥದ್ದಾದರೆ ಬಟ್ಟೆಯನ್ನು ಬೇರೆಯಾಗಿ ಸೋಪಿನ ನೀರಲ್ಲಿ ಕುಕ್ಕಬಹುದು. ವೆಲ್ಕ್ರೋ ಮುಚ್ಚಿಯೇ ಹಾಕಬೇಕು, ಇಲ್ಲದಿದ್ದರೆ ಜೊತೆಗಿರುವ ಸೀರೆಯ ಎಳೆಗಳನ್ನೆಲ್ಲ ಕೀಳುತ್ತದೆ. ನೆರಳಲ್ಲಿ ಒಣಗಿಸಬೇಕು. ಹಾಗೆ ಎರಡು ವರ್ಷ ಒಗೆದು ಒಣಗಿಸಿದ ಮೇಲೆ ನನ್ನ ಎರಡನೆಯ ಜೊತೆಯ ಇಲಾಸ್ಟಿಕ್ ಸಡಿಲವಾಯಿತು. ಸವಾರಿಗೆ ಬಾರದು, ಎಸೆಯಲು ಮನಸ್ಸಿಲ್ಲ. ಕೊಪ್ಪದ ಕಡೆ ದೊಡ್ಡಮ್ಮನ ಮನೆಗೆ ಹೋದಾಗ ಜೊತೆಗೆ ಒಯ್ದೆ. ಅಡಿಕೆ ತೋಟದ ನಡುವೆ ಅವರದು ಒಂದಿಷ್ಟು ಏಲಕ್ಕಿ. ಏಲಕ್ಕಿ ಕಾಯಿ ಬಿಡುವುದು ಗಿಡದ ಬುಡದಲ್ಲಿ, ನೆಲಕ್ಕೆ ತಾಗಿದ ಗೊನೆಯಲ್ಲಿ. ಕೊಯ್ಯಬೇಕಾದರೆ ಒದ್ದೆ ದರಗಿನ ಮೇಲೆ ಮಂಡಿಯೂರದೆ ಆಗುವುದಿಲ್ಲ. "ಇದನ್ನ ಹಾಕ್ಕೊಂಡು ನೋಡಿ ದೊಡ್ಡಮ್ಮ" ಎಂದು ಕೊಟ್ಟು ಬಂದೆ.

ಹದಿನೈದು ದಿನ ಬಿಟ್ಟು ಫೋನು ಬಂತು. ಮಂಡಿಗೆ ಕಲ್ಲು ಚುಚ್ಚುವುದು ನಿಂತಿದೆಯಂತೆ, ಥಂಡಿಯೂ ಏರುತ್ತಿಲ್ಲವಂತೆ. "ಆದ್ರೆ ಮಾರಾಯ, ಒಂದೇ ತೊಂದ್ರೆ, ಜಾರ್ತದೆ" ಎಂದರು. ತುರಹಳ್ಳಿಯ ಚಹಾದಂಗಡಿಯ ಮಾತು ಕೊಪ್ಪದ ತೋಟದಿಂದ ಕೇಳಿ ನಾನು ಏನು ಹೇಳಬೇಕೆಂದು ಹುಡುಕುತ್ತಿರುವಾಗಲೇ ಅವರೇ ಮುಂದುವರಿಸಿದರು: "ಈಗಿಲ್ಲ, ಮೇಲ್ಗಡೆ ಎರಡು ಲಾಡಿ ಹೊಲ್ದಿದ್ದೇನೆ. ನಿಂಗೆ ಸಣ್ಣೋನಿದ್ದಾಗ ಕುಲಾವಿಗೆ ಹೊಲ್ದಿದ್ನಲ್ಲ, ಅದೇ ಥರದ್ದು."